ರೊಟ್ಟಿ ಬಡಿದವಳ ಪಾಲಿನ ಬಿಸಿ ರೊಟ್ಟಿ

ಮಾರ್ಗಶಿರ ಮುಗಿದು ಪುಷ್ಯ ಮಾಸ ಕಾಲಿಡುವ ಹೊತ್ತಿಗೆ ಮಲಪ್ರಭೆಯ ಸೀಮೆಯ ನಮ್ಮ ಊರುಗಳಲ್ಲಿ ಅಡುಗೆಮನೆಯ ಘಮವೇ ಬೇರೆಯಾಗುತ್ತದೆ. ಹುಬ್ಬಳ್ಳಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ನರಗುಂದ, ಕೊಣ್ಣೂರುಗಳನ್ನು ದಾಟಿದ ಮೇಲೆ ಬಾದಾಮಿಗೆ ದಾರಿ ಕವಲೊಡೆಯುವ ಕುಳಗೇರಿ ಕ್ರಾಸಿನಲ್ಲಿ, ಮುಂಜಾನೆಯ ಬಸ್ಸಿಗೆ ಕಾದವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾದಂಗಡಿಯ ಮುಂದೆ ಒತ್ತೊತ್ತಾಗಿ ನಿಂತಿರುತ್ತಾರೆ. ಅದೇ ಹೊತ್ತಿಗೆ ಸುತ್ತಲಿನ ಊರುಗಳ ಮನೆಗಳಲ್ಲಿ ಹಂಚು ಕಾದಿರುತ್ತದೆ. ಸಜ್ಜೆ ರೊಟ್ಟಿಯ ಮೇಲೆ ಹಚ್ಚಿದ ಎಳ್ಳು ಚಟಪಟ ಸಿಡಿಯುತ್ತಿರುತ್ತದೆ. ಹೊಲದಲ್ಲಿ ಹಿಂಗಾರಿ ಜೋಳ ತೆನೆಗಟ್ಟುತ್ತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಯ ಭೋಗಿ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಎಲ್ಲವೂ ಈ ಒಂದೂವರೆ ತಿಂಗಳ ಚಳಿಯೊಳಗೇ ಬಂದು ಹೋಗುತ್ತವೆ.

ಇಂಥ ಕಾಲದಲ್ಲಿ ಆರೋಗ್ಯದ ಪುಟಗಳು ಸಜ್ಜೆ ಮತ್ತು ಎಳ್ಳಿನ ಗುಣಗಾನ ಮಾಡುವುದು ವಾಡಿಕೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಬಳಿಕ ಆ ಗುಣಗಾನ ಮತ್ತಷ್ಟು ಜೋರಾಗಿದೆ. ನಮಗೂ ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೆಳಗೆ ನಾವೂ ಒಂದಿಷ್ಟು ಗುಣಗಾನ ಮಾಡಲಿದ್ದೇವೆ. ಆದರೆ ಈ ಸಲ ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಸದ್ಭಕ್ತರ ಮುಂದಿಡಬೇಕೆನಿಸಿದೆ. ಇಷ್ಟು ಒಳ್ಳೆಯ ರೊಟ್ಟಿಯನ್ನು ಬಡಿದ ತಾಯಿಯ ತಾಟಿಗೆ ಅದು ಯಾವಾಗ ಬಂದು ಬೀಳುತ್ತದೆ? ಬಿದ್ದಾಗ ಅದು ಬಿಸಿಯಾಗಿರುತ್ತದೆಯೇ? ಅದರ ಜೊತೆಗೆ ಏನು ಉಳಿದಿರುತ್ತದೆ?

ಮೊದಲು ಸಜ್ಜೆಯ ಮಾತು. ಚಳಿಗಾಲಕ್ಕೆ ಸಜ್ಜೆಯೇ ಏಕೆ ಎಂದು ಕೇಳಿದರೆ ಅದು ಉಷ್ಣ ಪದಾರ್ಥ ಎಂಬ ಉತ್ತರ ಹಿರಿಯರಿಂದ ತಕ್ಷಣ ಬರುತ್ತದೆ. ಅದಕ್ಕಿಂತ ಸರಳವಾದ ಕಾರಣವೊಂದು ಹೊಲದಲ್ಲಿಯೇ ಇದೆ. ಸಜ್ಜೆ ಮುಂಗಾರಿನ ಪೈರು. ಮಸಾರಿ ಭೂಮಿಯಲ್ಲಿ ಮೊದಲ ಮಳೆಗಳಿಗೆ ಬಿತ್ತಿದ್ದು ದೀಪಾವಳಿಯ ಸುಮಾರಿಗೆ ಕಣ ಸೇರುತ್ತದೆ. ಎರೆ ಭೂಮಿಯ ಬಿಳಿಜೋಳವಾದರೋ ಆಗಿನ್ನೂ ನಿಂತ ಬೆಳೆ. ಅದು ಮನೆಗೆ ಬರುವುದು ಶಿವರಾತ್ರಿಯ ಆಸುಪಾಸಿಗೆ. ಹಳೆಯ ಜೋಳ ಹಗೇವಿನ ತಳ ಸೇರಿ ಹೊಸ ಜೋಳ ಇನ್ನೂ ಬಾರದ ಈ ನಡುಗಾಲದಲ್ಲಿ ಹೊಸ ಸಜ್ಜೆ ಮನೆಯನ್ನು ಸಾಕುತ್ತಿತ್ತು. ಉಷ್ಣದ ಮಾತೂ ಪೂರ್ತಿ ಸುಳ್ಳಲ್ಲ. ಜೋಳದಲ್ಲಿ ಕೊಬ್ಬಿನ ಅಂಶ ನೂರು ಗ್ರಾಮಿಗೆ ಎರಡು ಗ್ರಾಮಿನಷ್ಟಿದ್ದರೆ ಸಜ್ಜೆಯಲ್ಲಿ ಐದು ಗ್ರಾಮಿನಷ್ಟಿದೆ. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಚಳಿಗೆ ಒಣಗಿ ಬಿರಿಯುವ ಮೈಗೆ, ಬೆಳಗಿನ ಜಾವದಲ್ಲಿ ಹೊಲದ ಕೆಲಸಕ್ಕೆ ಇಳಿಯುವ ದೇಹಕ್ಕೆ ಇದು ಒದಗುತ್ತದೆ.

ಆ ಕೊಬ್ಬಿನಿಂದಲೇ ಒಂದು ತೊಡಕೂ ಇದೆ. ಬೀಸಿದ ಸಜ್ಜೆ ಹಿಟ್ಟು ಹೆಚ್ಚು ದಿನ ತಾಳುವುದಿಲ್ಲ. ಹಿಟ್ಟಾದ ಕೂಡಲೇ ಅದರ ಜಿಡ್ಡು ಕೆಡಲು ಆರಂಭಿಸುತ್ತದೆ; ವಾರ ಹತ್ತು ದಿನಕ್ಕೆ ಕಹಿ ಬರುತ್ತದೆ. ಮಕ್ಕಳು ಸಜ್ಜೆ ರೊಟ್ಟಿ ಒಲ್ಲೆವೆಂದು ತಾಟು ಸರಿಸುವ ಎಷ್ಟೋ ಮನೆಗಳಲ್ಲಿ ತಪ್ಪು ಸಜ್ಜೆಯದ್ದಲ್ಲ, ಹಳೆಯ ಹಿಟ್ಟಿನದು. ಆದ್ದರಿಂದ ಐದಾರು ದಿನಕ್ಕೆ ಸಾಲುವಷ್ಟನ್ನೇ ಗಿರಣಿಗೆ ಕೊಡಬೇಕು. ಗಿರಣಿಗೆ ಹೋಗಿ ಬರುವ ಕೆಲಸವನ್ನು ಮನೆಯ ಹುಡುಗರಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಸೈಕಲ್ಲಿನ ಮೇಲೆ ಎರಡು ಸೇರು ಸಜ್ಜೆ ಭಾರವೇನಲ್ಲ.

ರೊಟ್ಟಿಯ ವಿಧಾನ ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾದುದಲ್ಲ. ಆದರೆ ಈ ಲೇಖನವನ್ನು ಗಂಡಸರೂ ಓದುತ್ತಾರೆ, ಓದಬೇಕು ಎಂಬುದು ನಮ್ಮ ಆಸೆ, ಅವರಿಗಾಗಿ ಬರೆಯುತ್ತೇವೆ. ಹಿಟ್ಟನ್ನು ಜರಡಿ ಹಿಡಿದು ಪರಾತದಲ್ಲಿ ಹಾಕಿ ನಡುವೆ ಗುಳಿ ಮಾಡಬೇಕು. ಉಪ್ಪು ಹಾಕಿ ಕುದಿಸಿದ ಎಸರನ್ನು ಆ ಗುಳಿಗೆ ಹೊಯ್ದು, ಮೊದಲು ಸೌಟಿನಿಂದ ಕಲೆಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಗೋಧಿಯಲ್ಲಿರುವ ಅಂಟು ಸಜ್ಜೆಯಲ್ಲಿಲ್ಲ. ಕುದಿಯುವ ನೀರಿಗೆ ಹಿಟ್ಟಿನ ಒಂದಂಶ ಬೆಂದು ಜಿಗುಟಾಗುತ್ತದೆ, ಆ ಜಿಗುಟೇ ರೊಟ್ಟಿಯನ್ನು ಹಿಡಿದಿಡುತ್ತದೆ; ತಣ್ಣೀರಿನಲ್ಲಿ ಕಲೆಸಿದರೆ ಬಡಿಯುವಾಗ ಅಂಚು ಸೀಳುತ್ತದೆ. ಉಂಡೆ ಮಾಡಿ, ಒಣ ಹಿಟ್ಟು ಹಚ್ಚಿ ಬಡಿಯುತ್ತ ಹೋಗಿ, ಮುಗಿಯುವ ಮುನ್ನ ಒಂದು ಚಿಟಿಕೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತಬೇಕು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಆರುತ್ತಿದ್ದಂತೆ ತಿರುವಿ, ಕೊನೆಗೆ ಕೆಂಡದ ಮುಂದೆ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತದೆ. ಒಂದು ರೊಟ್ಟಿಗೆ ಎರಡೂವರೆ ನಿಮಿಷವೆಂದು ಹಿಡಿಯಿರಿ. ಆರು ಜನರ ಮನೆಗೆ 18 ರೊಟ್ಟಿ. ಅಲ್ಲಿಗೆ ಮುಕ್ಕಾಲು ಗಂಟೆ ಆ ತಾಯಿ ಒಲೆಯ ಮುಂದಿನಿಂದ ಏಳುವಂತಿಲ್ಲ.

ಈ ಮುಕ್ಕಾಲು ಗಂಟೆಯಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದನ್ನು ಸ್ವಲ್ಪ ನಿಂತು ನೋಡೋಣ. ಸಂಜೆ ಏಳೂವರೆ. ಅಜ್ಜ ಕಂಬಳಿ ಹೊದ್ದು ಒಲೆಗೆ ಸಮೀಪ ಕೂತಿದ್ದಾನೆ. ಮಕ್ಕಳು ತಾಟು ಹಿಡಿದು ಅವ್ವನ ಎರಡೂ ಮಗ್ಗುಲಿಗೆ ಕುಳಿತಿದ್ದಾರೆ. ಮೊದಲ ರೊಟ್ಟಿ ಅಜ್ಜನಿಗೆ, ಎರಡನೆಯದು ಯಜಮಾನನಿಗೆ, ಮುಂದಿನವು ಮಕ್ಕಳಿಗೆ. ಅಜ್ಜಿ ಒಂದು ಬಿಸಿ ರೊಟ್ಟಿಯನ್ನು ಕಲ್ಲಿಗೆ ಹಾಕಿ, ಬೆಳ್ಳುಳ್ಳಿ, ಉಪ್ಪು, ಖಾರ ಸೇರಿಸಿ ಜಜ್ಜಿ, ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಹಿಚುಕಿ ಮುಟಗಿ ಮಾಡುತ್ತಾಳೆ. ಕಿರಿಯ ಮೊಮ್ಮಗ ಅದನ್ನು ಊದುತ್ತ ತಿನ್ನುತ್ತಾನೆ. ಚಳಿಗಾಲದ ಮನೆಯಲ್ಲಿ ಇದಕ್ಕಿಂತ ಚೆಂದದ ನೋಟ ಬೇರೆ ಇರಲಾರದು. ಅವ್ವ ನಡುನಡುವೆ ಕೈ ಒರೆಸಿಕೊಂಡು ಪಲ್ಯ ಬಡಿಸುತ್ತಾಳೆ. ‘ಇನ್ನೊಂದ್ ಹಾಕ್ಲೇನು?’ ಎಂದು ಎಲ್ಲರನ್ನೂ ಕೇಳುತ್ತಾಳೆ. ‘ನೀನೂ ಉಣ್ಣವ್ವ’ ಎಂದು ಯಾರಾದರೂ ಅಂದರೆ ‘ನೀವ್ ಮೊದ್ಲ ಮುಗಸ್ರಿ, ನಂದೇನ್ ಅವಸರ’ ಎನ್ನುತ್ತಾಳೆ.

ಒಂಬತ್ತು ಗಂಟೆಗೆ ಅವಳ ಊಟ. ಬುಟ್ಟಿಯಲ್ಲಿ ಕೊನೆಯ ಎರಡು ರೊಟ್ಟಿ, ಅವು ಆರಿವೆ. ಹಸಿ ಮೆಂತೆಪಲ್ಯ, ಉಳ್ಳಾಗಡ್ಡಿ ತಪ್ಪಲು ಮುಗಿದಿವೆ. ಬೋಗುಣಿಯ ತಳದಲ್ಲಿ ಬೇಳೆಯ ತಿಳಿ ಇದೆ. ಮೊಸರನ್ನು ಮಕ್ಕಳಿಗೆಂದು ಎತ್ತಿಟ್ಟಿದ್ದಾಳೆ. ಹಿಂಡಿಯೊಂದಿಗೆ ಒಂದು ರೊಟ್ಟಿ ತಿಂದು, ಹಸಿವು ಸತ್ತುಹೋದುದರಿಂದ ಇನ್ನೊಂದನ್ನು ಮರುದಿನದ ಮುಂಜಾನೆಗೆಂದು ಇಟ್ಟು, ಚಹಾ ಕುಡಿದು, ತಣ್ಣೀರಿನಲ್ಲಿ ಪಾತ್ರೆಗೆ ಕೂಡುತ್ತಾಳೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಕುಳಗೇರಿಯಲ್ಲಿ, ಕೆರೂರಿನಲ್ಲಿ, ಗುಳೇದಗುಡ್ಡದ ಮಗ್ಗದ ಮನೆಗಳಲ್ಲಿ, ಹುನಗುಂದ ಇಳಕಲ್ಲುಗಳ ಓಣಿಗಳಲ್ಲಿ ನಾವು ಕಾಣುತ್ತ ಬಂದಿರುವ ಚಿತ್ರ. ಇಲ್ಲಿ ಕ್ರೌರ್ಯವಿಲ್ಲ, ಯಾರೂ ಅವಳನ್ನು ಉಪವಾಸ ಕೆಡವಿಲ್ಲ. ಪ್ರೀತಿಯ ಮನೆಯೇ ಅದು. ಅದಕ್ಕೇ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ವೈದ್ಯರ ಲೆಕ್ಕವನ್ನು ಈ ಚಿತ್ರದ ಪಕ್ಕದಲ್ಲಿಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನೀಡಿದ ಶಿಫಾರಸಿನಂತೆ ದುಡಿಯುವ ವಯಸ್ಸಿನ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮುಟ್ಟಾಗುವ ವಯಸ್ಸಿನ ಹೆಣ್ಣುಮಗಳಿಗೆ 29 ಮಿಲಿಗ್ರಾಂ. ಅಂದರೆ ಗಂಡನಿಗಿಂತ ಹೆಂಡತಿಗೆ ಒಂದೂವರೆ ಪಟ್ಟು. ನೂರು ಗ್ರಾಂ ಸಜ್ಜೆ ಹಿಟ್ಟಿನಲ್ಲಿ ಕಬ್ಬಿಣ ಆರು ಮಿಲಿಗ್ರಾಮಿಗೂ ಮೇಲಿದೆ, ಜೋಳದಲ್ಲಿ ನಾಲ್ಕರ ಆಸುಪಾಸು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದಕ್ಕೂ ಕಡಿಮೆ. ಮನೆಯಲ್ಲಿ ಯಾರಿಗೆ ಇದರ ಅಗತ್ಯ ಅತಿ ಹೆಚ್ಚೋ ಅವರ ತಾಟಿಗೆ ಅದು ಕೊನೆಗೆ, ಕಡಿಮೆಯಾಗಿ ಬರುತ್ತಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ದೇಶದಲ್ಲಿ ನೂರಕ್ಕೆ 57 ಜನ, ಕರ್ನಾಟಕದಲ್ಲಿ ಹೆಚ್ಚುಕಡಿಮೆ 48 ಜನ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿದೆ. ಹೊಸ ಸಜ್ಜೆ ಬೆಳೆಯುವ ನಾಡಿನಲ್ಲಿ, ಎಳ್ಳು ಹಚ್ಚಿ ರೊಟ್ಟಿ ಬಡಿಯುವ ಕೈಗಳೇ ಬಿಳಿಚಿಕೊಂಡಿವೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ತಲೆಸುತ್ತು, ಚಳಿ ಉಳಿದವರಿಗಿಂತ ಹೆಚ್ಚಾಗಿ ತಟ್ಟುವುದು ಇವೆಲ್ಲ ರಕ್ತ ಕಡಿಮೆಯಾದುದರ ಲಕ್ಷಣಗಳೂ ಆಗಿರಬಹುದು. ನಮ್ಮ ತಾಯಂದಿರು ಅದಕ್ಕೆ ‘ದಣಿವು’ ಎಂಬ ಒಂದೇ ಹೆಸರಿಟ್ಟು ಸುಮ್ಮನಾಗುತ್ತಾರೆ.

ರೊಟ್ಟಿಯೊಂದರಿಂದಲೇ ರಕ್ತಹೀನತೆ ಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಧಾನ್ಯದಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ. ಸ್ವಲ್ಪಾಂಶ ಮಾತ್ರ ಹೀರಲ್ಪಡುತ್ತದೆ. ಆ ಸ್ವಲ್ಪವನ್ನು ಹೆಚ್ಚಿಸುವ ಉಪಾಯ ನಮ್ಮ ಚಳಿಗಾಲದ ಊಟದಲ್ಲಿಯೇ ಇದೆ. ರೊಟ್ಟಿಯ ಜೊತೆಗೆ ಹಸಿಯಾಗಿ ತಿನ್ನುವ ಉಳ್ಳಾಗಡ್ಡಿ ತಪ್ಪಲು, ಮೆಂತೆಪಲ್ಯ, ಮೂಲಂಗಿ ಸೊಪ್ಪು, ಹಕ್ಕರಿಕೆ ಮತ್ತು ಮೇಲೆ ಹಿಂಡಿದ ನಿಂಬೆರಸ. ಇವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ; ಬೇಯಿಸಿದರೆ ಅದರ ಬಹುಭಾಗ ನಾಶವಾಗುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾಗಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಮೇಲಿನ ಚಿತ್ರವನ್ನು ಮತ್ತೊಮ್ಮೆ ನೆನೆಯಿರಿ. ಹಸಿ ಪಲ್ಯ ಮೊದಲು ಕುಳಿತವರ ಪಾಲಾಯಿತು, ಚಹಾ ಕೊನೆಗೆ ಕುಳಿತವಳ ಪಾಲಾಯಿತು. ಚಹಾ ಬೇಕೇ ಬೇಕೆಂದರೆ ಊಟವಾಗಿ ಒಂದು ಗಂಟೆ ಕಳೆಯಲಿ. ಹಸಿ ಪಲ್ಯವನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ಉಪ್ಪು, ನಿಂಬೆರಸ ಸೇರಿಸಿ ಪಚಡಿ ಮಾಡಿ, ಒಂದು ಬಟ್ಟಲನ್ನು ಬಡಿಸುವವಳಿಗೆಂದು ಮೊದಲೇ ತೆಗೆದಿಡಲಿ. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗುವುದು ಇದರ ಜೊತೆಗೆ ಇರಲೇಬೇಕು.

ಗರ್ಭಿಣಿಯ ವಿಷಯವಂತೂ ಇನ್ನೂ ಸೂಕ್ಷ್ಮ. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಎಂಬ ಯೋಜನೆಯನ್ನು ಆರಂಭಿಸಿತು. ಗರ್ಭಿಣಿ ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಅಲ್ಲಿಯೇ ಕುಳಿತು ಮಧ್ಯಾಹ್ನದ ಬಿಸಿಯೂಟ ಮಾಡಬೇಕು ಎಂಬುದು ಅದರ ರೀತಿ. ಅದಕ್ಕೆ ಮೊದಲು ಮನೆಗೇ ಪದಾರ್ಥ ಕೊಡುವ ಪದ್ಧತಿ ಇತ್ತು. ಮನೆಗೆ ಒಯ್ದ ಪೌಷ್ಟಿಕ ಆಹಾರ ಮನೆಮಂದಿಗೆಲ್ಲ ಹಂಚಿಹೋಗಿ ಗರ್ಭಿಣಿಯ ಹೊಟ್ಟೆಗೆ ಪೂರ್ತಿಯಾಗಿ ಸೇರುವುದಿಲ್ಲ ಎಂಬುದೇ ಈ ಬದಲಾವಣೆಯ ಹಿಂದಿನ ವಿಚಾರ. ಇದನ್ನು ಓದಿದಾಗ ನಮಗೆ ಸಂಕೋಚವೆನಿಸಿತು. ಬಸುರಿ ಸೊಸೆ ಹೊಟ್ಟೆತುಂಬ ಉಣ್ಣಬೇಕಾದರೆ ಅವಳನ್ನು ಮನೆಯಿಂದ ಹೊರಗೆ ಕರೆದು ಕೂರಿಸಬೇಕು ಎಂದು ಸರ್ಕಾರಕ್ಕೆ ಅನ್ನಿಸಿತಲ್ಲ! ಸೀಮಂತದ ದಿನ ಹಸಿರು ಬಳೆ ತೊಡಿಸಿ, ಐದು ಬಗೆಯ ಸಿಹಿ ಮಾಡಿ ಬಡಿಸುವ ಮನೆಗಳು ನಮ್ಮವು. ಮಿಕ್ಕ ಇನ್ನೂರೆಪ್ಪತ್ತು ದಿನ ಅವಳು ಕೊನೆಯ ಪಂಕ್ತಿಗೇ ಕೂಡುತ್ತಾಳೆ.

ಪಂಕ್ತಿ ಎಂದಾಗ ದಾಸೋಹದ ಮಾತು ಬಾರದೆ ಇರದು. ಮಠದ ದಾಸೋಹದಲ್ಲಿ ಉಳ್ಳವರು ಇಲ್ಲದವರು, ಹೆಣ್ಣು ಗಂಡು ಎನ್ನದೆ ಎಲ್ಲರೂ ಪ್ರಸಾದಕ್ಕೆ ಕುಳಿತುಕೊಳ್ಳುತ್ತಾರೆ. ಅದರ ಹಿರಿಮೆಯನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ‘ದಾಸೋಹದಲ್ಲಿಯೂ ಬಡಿಸಿದವರು ಕೊನೆಗೇ ಉಣ್ಣುತ್ತಾರಲ್ಲ’ ಎಂದು ಕೆಲವರು ಕೇಳಬಹುದು. ಉಣ್ಣುತ್ತಾರೆ, ನಿಜ. ಆದರೆ ಅಲ್ಲಿ ಸೇವೆಗೆ ಸರದಿ ಇದೆ. ಇಂದು ಬಡಿಸಿದವನು ನಾಳೆ ಪಂಕ್ತಿಯಲ್ಲಿ ಕೂಡುತ್ತಾನೆ, ಇಂದು ಉಂಡವನು ನಾಳೆ ಸೌಟು ಹಿಡಿಯುತ್ತಾನೆ. ಮನೆಯಲ್ಲಿ ಮಾತ್ರ ಸರದಿ ಬರುವುದೇ ಇಲ್ಲ. ಮದುವೆಯಾಗಿ ಬಂದ ದಿನ ಹಿಡಿದ ಸೌಟು ಸೊಸೆ ಬಂದಾಗಲೇ ಕೈಬಿಡುವುದು, ಆಮೇಲೆ ಆ ಸೊಸೆಗೆ ಅದೇ ಪಾಡು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಅವನ ಮಡದಿ ಲಕ್ಕಮ್ಮ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆ ಮನೆಯಲ್ಲಿ ಎಷ್ಟು ಬೇಯಬೇಕು, ಯಾರಿಗೆ ಎಷ್ಟು ಸಲ್ಲಬೇಕು ಎಂಬ ಅಳತೆ ಅವಳ ಮಾತಿನಲ್ಲಿತ್ತು, ಮಾರಯ್ಯ ಆ ಮಾತಿಗೆ ತಲೆಬಾಗಿದ. ರೊಟ್ಟಿ ಬಡಿಯುವುದು ಕಾಯಕವಾದರೆ ಆ ಕಾಯಕ ಮಾಡಿದವಳ ಪ್ರಸಾದಕ್ಕೂ ಒಂದು ಹೊತ್ತು, ಒಂದು ಮರ್ಯಾದೆ ಬೇಡವೇ?

‘ಅವಳೇ ಒಲ್ಲೆ ಅಂತಾಳ್ರಿ’ ಎಂಬುದು ನಾವು ಹೆಚ್ಚಾಗಿ ಕೇಳುವ ಉತ್ತರ. ಅವಳು ಹಾಗೆನ್ನುವುದು ನಿಜವೇ. ತವರಿನಲ್ಲಿ ತಾಯಿಯನ್ನು ನೋಡಿ ಕಲಿತದ್ದು, ಅತ್ತೆಯ ಮನೆಯಲ್ಲಿ ಗಟ್ಟಿಯಾದದ್ದು. ಒಬ್ಬಳೇ ಮೊದಲು ಉಂಡರೆ ನೆರೆಹೊರೆಯವರು ಏನೆಂದಾರು ಎಂಬ ಅಳುಕೂ ಉಂಟು. ಹಾಗಾಗಿ ಬಾಯಿಮಾತಿನ ಒತ್ತಾಯದಿಂದ ಏನೂ ಆಗದು. ಅವಳು ಕುಳಿತುಕೊಳ್ಳಲು ಬೇಕಾದ ಅನುಕೂಲವನ್ನು ಮನೆಯವರು ಮಾಡಿಕೊಡಬೇಕು. ‘ರೊಟ್ಟಿ ಬಿಸಿಬಿಸಿಯಾಗಿಯೇ ಉಣ್ಣಬೇಕು, ಯಾರಾದರೂ ಒಲೆಯ ಮುಂದೆ ಇರಲೇಬೇಕು’ ಎಂಬ ಎರಡನೆಯ ಮಾತು ಹೆಚ್ಚು ತೂಕದ್ದು. ಅದಕ್ಕೆ ಉತ್ತರ ಕಷ್ಟವಿಲ್ಲ. ಬಡಿಯುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು ಆದರೆ ಮುಕ್ಕಾಲು ಗಂಟೆಯ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬಡಿಯುವುದಕ್ಕೆ ಅಭ್ಯಾಸ ಬೇಕು, ಒಪ್ಪೋಣ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕಲು ಹತ್ತನೆಯ ತರಗತಿಯ ಹುಡುಗನಿಗೆ ಎರಡು ದಿನ ಸಾಕು. ಟ್ರ್ಯಾಕ್ಟರ್ ರಿವರ್ಸ್ ಹೊಡೆಯಲು ಕಲಿತ ಕೈಗೆ ಇದು ಬಾರದಿದ್ದೀತೆ! ಕೊನೆಯ ನಾಲ್ಕು ಉಂಡೆಗಳನ್ನು ಬೇಯಿಸುವಾಗ ಉಳಿದವರು ತುಸು ತಡೆದು ಅವಳ ಜೊತೆಗೆ ತಾಟು ಹಾಕಿಕೊಳ್ಳಲಿ. ವಾರಕ್ಕೆ ಎರಡು ದಿನ ಮೊದಲೇ ಬಡಿದಿಟ್ಟ ಖಡಕ್ ರೊಟ್ಟಿಯೇ ಊಟವಾಗಲಿ. ಅಂದು ಒಲೆಯ ಕಾವಲು ಯಾರಿಗೂ ಇಲ್ಲ, ಎಲ್ಲರೂ ಒಟ್ಟಿಗೆ ಕೂರಬಹುದು. ಹಲ್ಲಿಲ್ಲದ ಹಿರಿಯರಿಗೆ ಅದನ್ನೇ ಬಿಸಿ ಹಾಲಿನಲ್ಲಿ ಮುರಿದು ನೆನೆಸಿಕೊಟ್ಟರಾಯಿತು.

ಕೊಂಡ ರೊಟ್ಟಿಯ ಬಗ್ಗೆಯೂ ಒಂದು ಮಾತು. ಮಾರಿನ ರೊಟ್ಟಿ ತಂದರೆ ಮನೆತನಕ್ಕೆ ಕುಂದು ಎಂದು ಭಾವಿಸುವ ಹಿರಿಯರಿದ್ದಾರೆ. ನಾವು ಹಾಗೆ ತಿಳಿಯುವುದಿಲ್ಲ. ಬನಶಂಕರಿಯ ಗುಡಿಯ ಮುಂದೆ ಬುಟ್ಟಿ ಹೊತ್ತು ತಂದು ಸಜ್ಜೆ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಡಿಗೆಯ ಮೊಸರು ಬಡಿಸುವ ತಾಯಂದಿರ ಕೈಯೂಟವನ್ನು ದೂರದೂರದ ಭಕ್ತರು ಹೊಗಳುತ್ತ ಉಣ್ಣುತ್ತಾರೆ. ರೊಟ್ಟಿ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಸೀಮೆಯಲ್ಲಿ ಅನೇಕರು. ಮನೆಯಾಕೆಗೆ ಜ್ವರ ಬಂದಾಗ, ಸುಗ್ಗಿಯ ಒತ್ತಡದಲ್ಲಿ ಅಂಥವರಿಂದ ಹತ್ತು ರೊಟ್ಟಿ ಕೊಂಡರೆ ಎರಡು ಮನೆಗೆ ಉಪಕಾರ. ಮುಂದಿನ ಬನದ ಹುಣ್ಣಿಮೆಯ ಜಾತ್ರೆಗೆ ಹೋದಾಗ ಆ ತಾಯಂದಿರನ್ನು ‘ಯವ್ವಾ, ನಿನ್ನ ಊಟ ಆತೇನು?’ ಎಂದು ಕೇಳಿ ನೋಡಿ. ಬುಟ್ಟಿ ಖಾಲಿಯಾದ ಮೇಲೆ ಎಂಬ ಉತ್ತರವೇ ಹೆಚ್ಚಾಗಿ ಸಿಕ್ಕೀತು.

ಮನೆಯಾಕೆ ಹಾಸಿಗೆ ಹಿಡಿದ ದಿನ ಉಳಿದವರು ಬೇಕರಿಯ ಬ್ರೆಡ್ಡಿಗೆ ಓಡುವುದನ್ನು ನಾವು ಕಂಡಿದ್ದೇವೆ. ಆ ದಿನಕ್ಕೆಂದೇ ಯಾರಾದರೂ ಮಾಡಬಹುದಾದ ಒಂದು ಅಡುಗೆ ಇದೆ. ಒಂದು ಬಟ್ಟಲು ಜೋಳದ ನುಚ್ಚನ್ನು ತೊಳೆದು, ನಾಲ್ಕು ಬಟ್ಟಲು ನೀರು ಕುದಿದ ಮೇಲೆ ಉಪ್ಪು ಹಾಕಿ ಸುರಿದು, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವುತ್ತ ಬೇಯಿಸಬೇಕು. ಮೆತ್ತಗಾದ ಮೇಲೆ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ನುಚ್ಚು ಸಿದ್ಧ. ಚಳಿಗೆ ಬಿಸಿ ಹಾಲಿನಲ್ಲಿ, ಮಧ್ಯಾಹ್ನವಾದರೆ ಮಜ್ಜಿಗೆಯಲ್ಲಿ ಕಲಸಿ ಕೊಡಬಹುದು. ಜ್ವರದ ಬಾಯಿಗೂ ಇದು ಹಿತ. ಜೊತೆಗೆ ಅಗಸಿ ಹಿಂಡಿ ಇದ್ದರೆ ಇನ್ನೇನೂ ಬೇಡ. ಅಗಸಿಯನ್ನು ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿ ಕುಟ್ಟಿದರೆ ಹಿಂಡಿ. ಅಗಸಿಯನ್ನು ಇಡಿಯಾಗಿ ನುಂಗಿದರೆ ಅದು ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಕುಟ್ಟಿದಾಗಲೇ ಅದರ ಸತ್ವ ಮೈಗೆ ದಕ್ಕುವುದು. ಹಿಂಡಿ ಕುಟ್ಟುವ ಕೆಲಸವೂ ತೋಳಿನ ಕಸುವಿನದು, ಹಾಗಾಗಿ ಅದನ್ನೂ ಗಂಡುಮಕ್ಕಳ ಪಾಲಿಗೆ ಬರೆಯುತ್ತೇವೆ.

ಒಲೆಯ ಹೊಗೆಯ ಬಗ್ಗೆ ಎಚ್ಚರ ಹೇಳದೆ ಮುಂದೆ ಹೋಗುವಂತಿಲ್ಲ. 2016ರಿಂದ ಉಜ್ವಲಾ ಯೋಜನೆಯಲ್ಲಿ ಮನೆ ಮನೆಗೆ ಗ್ಯಾಸ್ ಬಂದಿದ್ದರೂ ರೊಟ್ಟಿಗೆ ಮಾತ್ರ ಕಟ್ಟಿಗೆಯ ಒಲೆಯೇ ಬೇಕೆನ್ನುವ ಮನೆಗಳು ಬಹಳ. ರುಚಿಯ ಮಾತು ಸರಿ. ಆದರೆ ಚಳಿಯೆಂದು ಕಿಟಕಿ ಬಾಗಿಲು ಹಾಕಿ ಒಲೆ ಉರಿಸಿದರೆ ಆ ಹೊಗೆಯೆಲ್ಲ ಬಡಿಯುವವಳ ಎದೆಗೂ, ಅವಳ ಮಗ್ಗುಲಿಗೆ ಕುಳಿತ ಕೂಸಿನ ಎದೆಗೂ ಇಳಿಯುತ್ತದೆ. ಬೆಳಕಿಂಡಿ ತೆರೆದಿರಲಿ. ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿಕೊಳ್ಳಲೇಬಾರದು; ಅದರಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ರಾತ್ರಿಯ ಪಾತ್ರೆಗಳಿಗೆ ಹಂಚಿಳಿದ ಒಲೆಯ ಮೇಲೆ ಒಂದು ಕೊಡ ನೀರಿಟ್ಟರೆ ತೊಳೆಯುವ ಕೈಗೆ ಬಿಸಿನೀರು ಸಿಗುತ್ತದೆ. ಕೈಕಾಲು ಬಿರಿದಿದ್ದರೆ ಮಲಗುವ ಮುನ್ನ ಕುಸುಬಿ ಎಣ್ಣೆ ಹಚ್ಚಲಿ.

ಇಳಕಲ್ಲಿನ ಚಿತ್ತರಗಿ ಪೀಠದ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಊರೂರು ಅಲೆದು ಭಕ್ತರಿಂದ ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಅವರ ದುಶ್ಚಟಗಳನ್ನು. ಬೀಡಿ, ಸೆರೆ, ತಂಬಾಕು ಆ ಜೋಳಿಗೆಗೆ ಬಿದ್ದವು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಂಥದೊಂದು ಜೋಳಿಗೆ ಈ ಚಳಿಗಾಲದಲ್ಲಿ ನಮ್ಮ ಮನೆಯ ಬಾಗಿಲಿಗೆ ಬಂದರೆ ಅದಕ್ಕೆ ಏನು ಹಾಕುವುದೆಂದು ನಾವು ಯೋಚಿಸುತ್ತಿದ್ದೇವೆ. ನಮ್ಮ ಮನೆಯಲ್ಲಿ ಕುಡಿತವಿಲ್ಲ, ತಂಬಾಕಿಲ್ಲ ಎಂದು ಹೆಮ್ಮೆಪಡುವ ಸದ್ಭಕ್ತರ ಮನೆಯಲ್ಲಿಯೂ ತಾಯಿ ಕೊನೆಗೆ ಉಣ್ಣುವ ಚಟವೊಂದು ಉಳಿದಿದೆ. ಅದನ್ನು ಅವಳಿಗೆ ಅಂಟಿಸಿದವರು ನಾವು, ಬಿಡಿಸಬೇಕಾದವರೂ ನಾವೇ.

ಆರಂಭಿಸಲು ಭೋಗಿಯ ದಿನ ಒದಗಿಬಂದಿದೆ. ಅಂದು ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಹಸಿಗಡಲೆ, ಗಜ್ಜರಿ ಸೇರಿದ ಭೋಗಿ ಪಲ್ಯ ಆಗಲೇಬೇಕು. ಸಜ್ಜೆಯನ್ನು ಎರಡು ದಿನ ಮೊದಲು ಬೀಸಿಸಿರಿ. ಎಳ್ಳನ್ನು ಸಿಪ್ಪೆ ಸಹಿತ ಬಳಸಿರಿ. ಅದರ ಸುಣ್ಣದಂಶ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿಯೇ. ಅಂದು ಹಂಚಿನಿಂದಿಳಿದ ಮೊದಲ ರೊಟ್ಟಿಯಿಂದ ಒಂದು ಮುಟಗಿಯಾಗಲಿ. ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಉಪ್ಪು, ಅರ್ಧ ಚಮಚ ಕೆಂಪು ಖಾರ, ಮೇಲೊಂದು ಚಮಚ ತುಪ್ಪ. ರೊಟ್ಟಿ ಸುಡುತ್ತಿರುವಾಗಲೇ ಜಜ್ಜಬೇಕು, ಆರಿದರೆ ಮುಟಗಿ ಹಿಡಿಯುವುದಿಲ್ಲ. ಹಿಟ್ಟಿನ ಕೈಯವಳು ಅದನ್ನು ತಾನೇ ಎತ್ತಿಕೊಳ್ಳಲಾರಳು. ಹಂಚಿನ ಕಡೆ ಕುಳಿತವರು ಯಾರಾದರೂ ತುತ್ತು ಮುರಿದು ಅವಳ ಬಾಯಿಗೆ ಇಡಬೇಕಾದೀತು.